ಆರೋಗ್ಯಕೇಂದ್ರದಲ್ಲಿ ಮಾತು ಯಾರದು?

ಹಳ್ಳಿಯ ಆಸ್ಪತ್ರೆಯನ್ನು ಕುರಿತು ನಮ್ಮಲ್ಲಿ ಯಾವ ದೂರು ಹುಟ್ಟಿದರೂ, ಅದು ಗ್ರಾಮಸಭೆಯಲ್ಲಿ ಎದ್ದ ಮಾತಾಗಿರಲಿ, ವಿಧಾನಸಭೆಯ ಪ್ರಶ್ನೋತ್ತರವಾಗಿರಲಿ, ವೃತ್ತಪತ್ರಿಕೆಗೆ ಓದುಗರು ಬರೆದ ಓಲೆಯಾಗಿರಲಿ, ಕಟ್ಟಕಡೆಗೆ ಒಂದೇ ವಾಕ್ಯಕ್ಕೆ ಬಂದು ನಿಲ್ಲುತ್ತದೆ: ಡಾಕ್ಟರು ಇಲ್ಲ. ದೂರು ಸುಳ್ಳಲ್ಲ. ವೈದ್ಯಾಧಿಕಾರಿಯ ಕುರ್ಚಿ ತಿಂಗಳಾನುಗಟ್ಟಲೆ ಬರಿದಾಗಿರುವ ಕೇಂದ್ರಗಳು ನಮ್ಮಲ್ಲಿ ಉಂಟು. ಇರುವ ವೈದ್ಯನೂ ಮಧ್ಯಾಹ್ನದ ಬಸ್ಸಿಗೆ ಪಟ್ಟಣಕ್ಕೆ ಹಿಂದಿರುಗುವವನಾದರೆ ಆ ಕುರ್ಚಿ ಅರ್ಧ ಬರಿದಾದಂತೆಯೆ. ಆದರೆ ಈ ದೂರಿನ ಒಳಗೆ ಒಂದು ನಂಬಿಕೆ ಅಡಗಿದೆ. ವೈದ್ಯನು ಬಂದು ಕುಳಿತೊಡನೆ ಆರೋಗ್ಯಸೇವೆ ಪೂರ್ಣವಾಯಿತು, ಉಳಿದವರೆಲ್ಲರೂ ಅವನ ಕೈಗೆ ಸಾಮಾನು ಎತ್ತಿಕೊಡತಕ್ಕ ಪರಿವಾರ, ರೋಗಿಯಂತೂ ಆ ಕೈ ಕೆಲಸಮಾಡತಕ್ಕ ವಸ್ತು ಎಂಬುದು ಆ ನಂಬಿಕೆ. ತಂಡವಾಗಿ ಮಾಡುವ ಸೇವೆ, ರೋಗಿಯನ್ನು ನಡುವೆ ಇರಿಸಿಕೊಂಡ ಸೇವೆ ಎಂಬ ಎರಡು ಆದರ್ಶಗಳು ಈಗ ಸರಕಾರದ ಸುತ್ತೋಲೆಗಳಲ್ಲಿಯೂ ತಜ್ಞರ ವರದಿಗಳಲ್ಲಿಯೂ ಹೇರಳವಾಗಿ ಕಾಣಿಸುತ್ತಿದ್ದರೂ ಆ ನಂಬಿಕೆ ಅಲುಗಿಲ್ಲ. ಈ ಎರಡನ್ನೂ ಬೇರೆ ಬೇರೆ ಗುಣಗಳೆಂದು ಎಣಿಸುವುದು ವಾಡಿಕೆ. ತಂಡವನ್ನು ಆಡಳಿತದ ವಿಷಯವೆಂದೂ, ರೋಗಿಯ ಗೌರವವನ್ನು ಸೌಜನ್ಯದ ವಿಷಯವೆಂದೂ ವಿಂಗಡಿಸಿಬಿಡುತ್ತೇವೆ. ನನಗೆ ತೋರುವಮಟ್ಟಿಗೆ ಅವು ಬೇರೆಯಲ್ಲ. ತಂಡದ ಕಟ್ಟಕಡೆಯ ಸ್ಥಾನದಲ್ಲಿ ನಿಂತವಳ ಮಾತಿಗೆ ಬೆಲೆಯಿಲ್ಲದ ಕಡೆ ರೋಗಿಯ ಮಾತಿಗೂ ಬೆಲೆ ಇರಲಾರದೆಂಬುದನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ರೋಗಗಳ ಸ್ವರೂಪವನ್ನೇ ನೋಡೋಣ. ನಮ್ಮ ಅಜ್ಜಂದಿರ ಕಾಲದ ಪ್ಲೇಗು, ಕಾಲರಾ, ಸಿಡುಬುಗಳು ಊರಿಗೆ ಬರುತ್ತಿದ್ದುವು, ಕೊಲ್ಲುವಷ್ಟು ಜನರನ್ನು ಕೊಂದು ಹೊರಟುಹೋಗುತ್ತಿದ್ದುವು. ಅವುಗಳ ಎದುರಿನಲ್ಲಿ ವೈದ್ಯನ ಕೆಲಸಕ್ಕೆ ಒಂದು ಆರಂಭವೂ ಒಂದು ಮುಕ್ತಾಯವೂ ಇತ್ತು. ಈಗ ಮನೆಮನೆಯಲ್ಲಿಯೂ ತಳವೂರಿರುವ ಸಕ್ಕರೆಕಾಯಿಲೆ ಮತ್ತು ರಕ್ತದ ಒತ್ತಡಗಳು ಆ ಜಾತಿಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆ. ನಲವತ್ತನೆಯ ವಯಸ್ಸಿನಲ್ಲಿ ಈ ರೋಗ ಅಂಟಿದವನು ಎಪ್ಪತ್ತರವರೆಗೂ ಅದರೊಡನೆ ಬಾಳ್ವೆಮಾಡಬೇಕು. ತಿಂಗಳಿಗೊಮ್ಮೆ, ಒಂದು ಸಲಕ್ಕೆ ಐದು ನಿಮಿಷದಂತೆ, ತಪ್ಪದೆ ವೈದ್ಯನನ್ನು ಕಂಡರೂ ವರ್ಷಕ್ಕೆ ಒಂದು ಗಂಟೆಯಾಯಿತು. ಮಿಕ್ಕ 8,759 ಗಂಟೆಗಳಲ್ಲಿ ಮಾತ್ರೆಯನ್ನು ನುಂಗುವವನು ಅಥವಾ ಮರೆಯುವವನು, ತಟ್ಟೆಯಲ್ಲಿನ ಮುದ್ದೆಯ ಗಾತ್ರವನ್ನು ನಿರ್ಧರಿಸುವವನು, ಬರಿಗಾಲಿನಲ್ಲಿ ಗದ್ದೆಗೆ ಇಳಿಯುವವನು, ಹಿಮ್ಮಡಿಯ ಬಿರುಕಿನಲ್ಲಿ ಕೀವು ಕಂಡಾಗ ಅದನ್ನು ಯಾರಿಗಾದರೂ ತೋರಿಸಬೇಕೆ ಬೇಡವೆ ಎಂದು ಯೋಚಿಸುವವನು ರೋಗಿಯೇ. ಚಿಕಿತ್ಸೆಯನ್ನು ನಡೆಸುವವನು ವಾಸ್ತವವಾಗಿ ಅವನು; ಅವನ ಬೆನ್ನಿಗೆ ಅವನ ಮನೆಯವರು. ವೈದ್ಯನು ಇಲ್ಲಿ ಹೆಚ್ಚೆಂದರೆ ಬುದ್ಧಿ ಹೇಳತಕ್ಕವನು. ವ್ಯವಸ್ಥೆಯು ಮಾತ್ರ ಇಂದಿಗೂ ಪ್ಲೇಗಿನ ಕಾಲದ ಕ್ರಮದಲ್ಲಿಯೇ, ವೈದ್ಯನ ಐದು ನಿಮಿಷಗಳನ್ನು ಮಧ್ಯಬಿಂದುವಾಗಿ ಹಿಡಿದು, ಕಟ್ಟಲ್ಪಟ್ಟಿದೆ.

ರೋಗಿಯನ್ನು ಚಿಕಿತ್ಸೆಯ ಕರ್ತೃಗಳಲ್ಲಿ ಒಬ್ಬನನ್ನಾಗಿ ಎಣಿಸುವುದು ಪಶ್ಚಿಮದಿಂದ ಬಂದ ನೂತನ ವಿಚಾರವೇನೂ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ. ರೋಗಿಗೆ ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭೀತಿ, ತನ್ನ ರೋಗವನ್ನು ತಿಳಿಯಹೇಳಬಲ್ಲ ಶಕ್ತಿ. ಆ ಗ್ರಂಥವು ವೈದ್ಯನನ್ನು ನಾಲ್ಕರಲ್ಲಿ ಪ್ರಧಾನನೆಂದೇ ಭಾವಿಸುತ್ತದೆ, ರೋಗಿಯಿಂದ ವಿಧೇಯತೆಯನ್ನು ಬೇಡುತ್ತದೆ; ಈಗಿನ ಸಮತಾಭಾವವನ್ನು ಅಲ್ಲಿ ಹುಡುಕತಕ್ಕದ್ದಲ್ಲ, ಪ್ರಾಚೀನರಲ್ಲಿ ಸಕಲವೂ ಇತ್ತೆಂದು ಸಾಧಿಸುವ ಚಪಲವೂ ನನಗಿಲ್ಲ. ಆದರೂ, ಅಂಜದೆ ತನ್ನ ಸ್ಥಿತಿಯನ್ನು ಅರುಹುವುದು ರೋಗಿಯ ಗುಣವೆಂದು ವಿಧಿಸಿದವರು, ಅದನ್ನು ಕೇಳತಕ್ಕ ಕಿವಿಯೊಂದು ಎದುರಿಗಿರುತ್ತದೆಂದು ನಂಬಿಯೇ ವಿಧಿಸಿರಬೇಕು.

ಆಧುನಿಕ ಕಾಲಕ್ಕೆ ಬಂದರೆ, ನಮ್ಮ ಪ್ರಾಥಮಿಕ ಆರೋಗ್ಯಕೇಂದ್ರ ಹುಟ್ಟಿದ್ದೇ ತಂಡವೆಂಬ ಕಲ್ಪನೆಯಿಂದ. ಮೈಸೂರು ಸಂಸ್ಥಾನವು 1930ರ ದಶಕದಲ್ಲಿಯೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಎಂದರೆ ಈಗಿನ ರಾಮನಗರದಲ್ಲಿ, ಗ್ರಾಮಾರೋಗ್ಯದ ತರಬೇತಿಕೇಂದ್ರವನ್ನು ನಡೆಸುತ್ತಿತ್ತು. ಅನಂತರ, 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯನ್ನೊಪ್ಪಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿಯು, ತತ್ಕಾಲದ ಯೋಜನೆಯಾಗಿ, 40,000 ಜನಕ್ಕೆ ಒಂದು ಪ್ರಾಥಮಿಕ ಘಟಕವಿರಬೇಕೆಂದು ಸೂಚಿಸಿತು. ಆ ಘಟಕದ ಸಿಬ್ಬಂದಿಯ ಪಟ್ಟಿಯನ್ನು ಈಗ ಓದುವವರಿಗೆ ಬೆರಗಾಗದಿರದು: ವೈದ್ಯರು 2, ದಾದಿ 1, ಸಾರ್ವಜನಿಕ ಆರೋಗ್ಯದ ದಾದಿಯರು 4, ಪ್ರಸೂತಿ ದಾದಿಯರು 4, ತರಬೇತಿ ಹೊಂದಿದ ಸೂಲಗಿತ್ತಿಯರು 4, ನೈರ್ಮಲ್ಯ ನಿರೀಕ್ಷಕರು 2, ಆರೋಗ್ಯ ಸಹಾಯಕರು 2, ಔಷಧವಿತರಕ 1, ಇತರ ಕೆಲಸದವರು 15. ವೈದ್ಯನೊಬ್ಬನಿಗೆ ಹದಿನಾರು ಹದಿನೇಳು ಜನ ಸಂಗಾತಿಗಳು! ಅಷ್ಟೇ ಅಲ್ಲ, ಹಳ್ಳಿಹಳ್ಳಿಯಲ್ಲಿಯೂ ಐದರಿಂದ ಏಳು ಮಂದಿಯ ಆರೋಗ್ಯ ಸಮಿತಿಯೊಂದಿರಬೇಕು, ಹಣ ಕೊಡಲಾರನೆಂಬ ಕಾರಣದಿಂದ ಯಾವನೂ ಚಿಕಿತ್ಸೆಯಿಂದ ವಂಚಿತನಾಗಕೂಡದು ಎಂಬ ಮಾತುಗಳೂ ಆ ವರದಿಯಲ್ಲಿವೆ. ಸ್ವಾತಂತ್ರ್ಯ ಬರುವುದಕ್ಕೆ ಮುಂಚೆ, ಯುದ್ಧದ ಬಳಲಿಕೆಯ ನಡುವೆ, ಕುಳಿತು ಹೀಗೆ ಯೋಚಿಸಿದವರ ಧೈರ್ಯವನ್ನು ಮೆಚ್ಚಬೇಕು.

1952ರ ಅಕ್ಟೋಬರ್ 2ರಂದು ಸಮುದಾಯಾಭಿವೃದ್ಧಿ ಯೋಜನೆಯೊಡನೆ ಆರೋಗ್ಯಕೇಂದ್ರಗಳ ಸ್ಥಾಪನೆಗೆ ತೊಡಗಿದಾಗ ಕೈಗೆ ಬಂದದ್ದು ಆ ಕಲ್ಪನೆಯ ಒಂದು ತುಣುಕು ಮಾತ್ರ. ಹಣ ಸಾಲದೆಂಬುದು ಒಂದು ಕಾರಣ. ಅದಕ್ಕಿಂತ ಹೆಚ್ಚಿನ ಹಾನಿ ಮಾಡಿದ್ದು ಇನ್ನೊಂದು. ಒಂದೊಂದು ರೋಗಕ್ಕೂ ಒಂದೊಂದು ಕಾರ್ಯಕ್ರಮ, ಒಂದೊಂದು ಕಾರ್ಯಕ್ರಮಕ್ಕೂ ತನ್ನದೇ ಆದ ಅಧಿಕಾರಿ, ಲೆಕ್ಕಪುಸ್ತಕ, ಕಾಲಾಳು. ಗೋಡೆಯ ಮೇಲೆ ತಾರೀಖು ಗೀಚಿಹೋಗುವ ಮಲೇರಿಯಾದವನು ಸೋಮವಾರ ಬಂದರೆ, ಸಿಡುಬಿನ ದಾಕು ಹಾಕುವವನು ಬುಧವಾರ, ಕುಟುಂಬಯೋಜನೆಯವನು ಶುಕ್ರವಾರ. ಮೂವರೂ ಅದೇ ಹೊಸ್ತಿಲನ್ನು ಮೆಟ್ಟಿದರೂ ಆ ಮನೆಯ ಬಸುರಿಗೆ ಕಾಲು ಊದಿರುವುದು ಮೂವರ ಪುಸ್ತಕದಲ್ಲಿಯೂ ಬರೆಯತಕ್ಕ ವಿಷಯವಾಗಿರಲಿಲ್ಲ. ಇದರ ಅವಿವೇಕವನ್ನು ಕಂಡು 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ಈ ಬಿಡಿ ಕೆಲಸಗಾರರನ್ನೆಲ್ಲ ಕೂಡಿಸಿ ವಿವಿಧೋದ್ದೇಶ ಕಾರ್ಯಕರ್ತರನ್ನಾಗಿ ಮಾಡಬೇಕೆಂದಿತು. ಹಾಗೆ ಮಾಡಿದ್ದೂ ಆಯಿತು. ಆದರೆ ಅದರ ಬೆನ್ನಿಗೇ ತುರ್ತುಪರಿಸ್ಥಿತಿ ಬಂತು. ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿಸಂಖ್ಯೆಗಳು ಬಂದುವು. ಆರೋಗ್ಯದವರು ಬರುತ್ತಾರೆಂದರೆ ಗಂಡಸರು ಹೊಲದ ಕಡೆಗೆ ಓಡುವ ಕಾಲ ಬಂತು. ಮನೆಯನ್ನು ತಿಳಿಯುವುದಕ್ಕಾಗಿ ಹೋಗುವವನಿಗೂ ಲೆಕ್ಕವನ್ನು ತುಂಬುವುದಕ್ಕಾಗಿ ಹೋಗುವವನಿಗೂ ಇರುವ ಅಂತರವನ್ನು ಜನ ಬಹು ಬೇಗ ಅರಿತುಕೊಳ್ಳುತ್ತಾರೆ, ಬಹು ನಿಧಾನವಾಗಿ ಮರೆಯುತ್ತಾರೆ. ಈಗ ಪುಸ್ತಕದ ಸ್ಥಾನಕ್ಕೆ ಮೊಬೈಲಿನ ಆ್ಯಪುಗಳು ಬಂದಿವೆಯೇ ಹೊರತು ರೋಗಕ್ಕೊಂದು ಲೆಕ್ಕವೆಂಬ ಕ್ರಮ ಹೆಚ್ಚೇನೂ ಸಡಿಲಿಲ್ಲ.

1978ರ ಸೆಪ್ಟೆಂಬರಿನಲ್ಲಿ ಆಲ್ಮಾ ಆಟಾದಲ್ಲಿ ಪ್ರಾಥಮಿಕ ಆರೋಗ್ಯಸೇವೆಯನ್ನು ಕುರಿತು ಸೇರಿದ ಅಂತರರಾಷ್ಟ್ರೀಯ ಸಮ್ಮೇಳನದ ಘೋಷಣೆಯನ್ನು ಎಲ್ಲರೂ ಬಲ್ಲರಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ವೈದ್ಯರು, ದಾದಿಯರು, ಸಹಾಯಕರು, ಊರಿನ ಕಾರ್ಯಕರ್ತರು, ಅವಶ್ಯವಾದ ಕಡೆ ನಾಟಿ ವೈದ್ಯರು ಸಹ ಒಂದು ತಂಡವಾಗಿ ದುಡಿಯಬೇಕೆಂದು ಅದು ಹೇಳಿತು. ತಂಡವೊಂದು ಹೇಗೆ ತಂಡವಾಗುತ್ತದೆಂಬುದನ್ನು ಹೇಳಲಿಲ್ಲ. ಘೋಷಣೆಗಳ ಕೆಲಸವೂ ಅದಲ್ಲವೆನ್ನಿ.

ಅದನ್ನು ತಿಳಿಯಲು ಹತ್ತಿರದ ನಿದರ್ಶನವೊಂದನ್ನು ಕಲ್ಪಿಸಿಕೊಳ್ಳೋಣ. ಮಂಡ್ಯದ ಕಡೆಯ ಒಂದು ಹಳ್ಳಿ; ಅರವತ್ತು ದಾಟಿದ ಒಬ್ಬ ಮುದುಕಿ; ಸಕ್ಕರೆಕಾಯಿಲೆ. ಆರೋಗ್ಯಕೇಂದ್ರದಲ್ಲಿ ರಕ್ತಪರೀಕ್ಷೆಯಾಗುತ್ತದೆ, ಅಂಕಿ ಇಳಿದಿಲ್ಲ. ಸಾಲು ಬಾಗಿಲಾಚೆಗೂ ಬೆಳೆದಿದೆ. ವೈದ್ಯನು ಚೀಟಿಯನ್ನು ನೋಡಿ, ಮಾತ್ರೆ ತಗೊಳ್ತಿದ್ದೀಯಾ ಎಂದು ಕೇಳುತ್ತಾನೆ. ಅವಳು, ಹೂ ಸಾಮಿ, ಎನ್ನುತ್ತಾಳೆ. ಅವಳ ಪ್ರಾಯಕ್ಕೂ ಅವನ ಪದವಿಗೂ ನಡುವೆ ಆ ಎರಡು ಶಬ್ದಗಳ ಹೊರತು ಬೇರೇನೂ ಹಾಯಲಾರದು. ವೈದ್ಯನು ಶಾಸ್ತ್ರಕ್ಕೆ ಅನುಸಾರವಾಗಿಯೇ ನಡೆಯುತ್ತಾನೆ. ಒಂದು ಮಾತ್ರೆ ಇದ್ದದ್ದು ಎರಡಾಗುತ್ತದೆ. ನಿಜವಾದ ಸಂಗತಿ ಬೇರೆ. ಮುದುಕಿಗೆ ಶನಿವಾರ ಒಪ್ಪೊತ್ತು. ಹಬ್ಬ ಹುಣ್ಣಿಮೆಗಳಲ್ಲಿ ಒಂದೆರಡು ದಿನ ಹೆಚ್ಚು. ಹೊಟ್ಟೆಗೆ ಏನೂ ಇಲ್ಲದ ಒಂದು ಬೆಳಿಗ್ಗೆ ಮಾತ್ರೆ ನುಂಗಿ, ಮೈ ಬೆವೆತು, ಕಣ್ಣು ಕತ್ತಲೆಗಟ್ಟಿ, ಕೊಟ್ಟಿಗೆಯಲ್ಲಿ ಕುಸಿದಳು. ಅಂದಿನಿಂದ ಮಾತ್ರೆಯ ಪಟ್ಟಿ ದೇವರ ಗೂಡಿನಲ್ಲಿ ಭದ್ರವಾಗಿದೆ. ಇದನ್ನು ಬಲ್ಲವಳು ಅದೇ ಬೀದಿಯ ಆಶಾ ಕಾರ್ಯಕರ್ತೆ. ಅವಳಿಗೆ ಹೇಳುವಾಗ ಮುದುಕಿಗೆ ಯಾವ ಸಂಕೋಚವೂ ಇಲ್ಲ: “ಶನ್ವಾರ ಒಪ್ಪೊತ್ತು ಕಣವ್ವ, ಅದ ನುಂಗುದ್ರೆ ಜೀವ ಓದಂಗಾಯ್ತದೆ.” ಈಗ ಪ್ರಶ್ನೆ ಇಷ್ಟೆ: ಆ ಒಂದು ವಾಕ್ಯವು ಆ ಬೀದಿಯಿಂದ ಹೊರಟು ವೈದ್ಯನ ಮೇಜಿನವರೆಗೆ ಬಂದು ಮುಟ್ಟುವ ದಾರಿ ನಮ್ಮ ವ್ಯವಸ್ಥೆಯಲ್ಲಿ ಇದೆಯೆ? ಇದ್ದರೆ ವೈದ್ಯನು ಬೇರೆ ಮಾತ್ರೆಯನ್ನು ಆರಿಸಿಯಾನು, ಒಪ್ಪೊತ್ತಿನ ದಿನಕ್ಕೆ ಬೇರೆ ಕ್ರಮವನ್ನು ಹೇಳಿಯಾನು. ವ್ರತವೂ ಉಳಿದೀತು, ಮುದುಕಿಯೂ ಉಳಿದಾಳು. ಇಲ್ಲವಾದರೆ, ಮಗ ಬೆಂಗಳೂರಿನಿಂದ ಬಂದು ಬಲವಂತವಾಗಿ ನುಂಗಿಸಿದ ದಿನ ಆ ಎರಡು ಮಾತ್ರೆಗಳು ಒಟ್ಟಿಗೆ ಕೆಲಸ ಮಾಡುತ್ತವೆ.

ಕಲ್ಪನೆಯ ನಿದರ್ಶನವನ್ನು ನಂಬದವರಿಗೆ ವೈದ್ಯಶಾಸ್ತ್ರದಲ್ಲಿಯೇ ದಾಖಲಾದ ಒಂದು ವಿಚಿತ್ರ ರೋಗವನ್ನು ನೆನಪಿಸಬಹುದು. ಮೈಸೂರು, ಮಂಡ್ಯ, ಚಾಮರಾಜನಗರಗಳ ಕಡೆ ಬಿಸಿನೀರಿನ ಮೂರ್ಛೆಯೆಂಬ ಒಂದು ಬಗೆಯ ಅಪಸ್ಮಾರ, ಲೋಕದ ಬೇರೆಡೆಗಳಲ್ಲಿ ಬಹು ಅಪರೂಪವಾದದ್ದು, ಗಣನೀಯವಾಗಿ ಕಂಡುಬಂದಿದೆ. ಹಂಡೆಯ ಕುದಿಯುವ ನೀರಿಗೆ ಒಂದಿಷ್ಟು ತಣ್ಣೀರು ಬೆರೆಸಿ, ಚೊಂಬುಚೊಂಬಾಗಿ, ಒಂದರ ಹಿಂದೊಂದರಂತೆ ತಲೆಗೆ ಹುಯ್ದುಕೊಳ್ಳುವ ನಮ್ಮ ಎಣ್ಣೆನೀರಿನ ಸ್ನಾನದಲ್ಲಿ ಇದು ಕೆರಳುತ್ತದೆ. ಇದನ್ನು ಪ್ರತ್ಯಕ್ಷವಾಗಿ ಕಾಣುವವರು ಯಾರು? ಬಚ್ಚಲುಮನೆಯ ಬಾಗಿಲಲ್ಲಿ ನಿಂತ ತಾಯಿ, ಅತ್ತಿಗೆ, ನೆರೆಮನೆಯವಳು. ಚಿಕಿತ್ಸಾಲಯದಲ್ಲಿ ರೋಗಿ ಆರೋಗ್ಯವಂತನಂತೆಯೇ ಕುಳಿತಿರುತ್ತಾನೆ. ನೀರಿನ ಕಾವನ್ನು ತಗ್ಗಿಸುವುದು, ತಲೆಗೆ ಒಮ್ಮೆಲೇ ಹುಯ್ಯದಿರುವುದು, ಬೇಕಾದರೆ ಸ್ನಾನಕ್ಕೆ ಮುಂಚೆ ಒಂದು ಮಾತ್ರೆ, ಇಷ್ಟರಿಂದಲೇ ಹಲವರಿಗೆ ಗುಣವಾಗುವಂತಹ ರೋಗವಿದು. ಆದರೆ ಬಚ್ಚಲುಮನೆಯ ಸಾಕ್ಷ್ಯವನ್ನು ಕೇಳದ ವೈದ್ಯನು ಇದನ್ನು ಎಷ್ಟು ಓದಿದ್ದರೂ ಗುರುತಿಸಲಾರನು. ನರರೋಗತಜ್ಞರಾದ ಡಾ. ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ ಯಳಂದೂರು ಸೀಮೆಯಲ್ಲಿ ಅಪಸ್ಮಾರದ ಸಮೀಕ್ಷೆಗೆ ತೊಡಗಿದಾಗ ರೋಗಿಗಳು ಆಸ್ಪತ್ರೆಗೆ ಬರಲೆಂದು ಕಾಯದೆ ಊರೂರಿಗೆ ಇಳಿದದ್ದು ಇದೇ ಕಾರಣದಿಂದ ಸರಿಯಾದ ಕ್ರಮ. ಆ ಸೀಮೆಗೆ ಇಂತಹ ಪದ್ಧತಿ ಅಪರಿಚಿತವೂ ಆಗಿರಲಿಲ್ಲ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟು ಯಳಂದೂರಿನಲ್ಲಿ ಕುಷ್ಠರೋಗದ ನಿವಾರಣೆಯಿಂದ ತೊಡಗಿ, 1996ರಲ್ಲಿ ಗುಂಬಳ್ಳಿಯ ಸರಕಾರಿ ಆರೋಗ್ಯಕೇಂದ್ರವನ್ನೇ ನಡೆಸಲು ವಹಿಸಿಕೊಂಡಿತು. ಸರಕಾರದ ಕೇಂದ್ರಗಳನ್ನು ಹೀಗೆ ಸಂಸ್ಥೆಗಳಿಗೆ ಒಪ್ಪಿಸುವುದು ಎಲ್ಲೆಡೆಗೂ ಒಗ್ಗುವ ಉಪಾಯವೆಂದು ನಾನು ಹೇಳೆನು. ಆದರೆ ಬೆಟ್ಟದ ಹೆಣ್ಣುಮಕ್ಕಳಿಗೇ ಶುಶ್ರೂಷೆಯನ್ನು ಕಲಿಸಿ ಅವರನ್ನೇ ಹಾಡಿಗಳಿಗೆ ಕಳುಹಿಸಿದ ಕ್ರಮದಲ್ಲಿ ಒಂದು ದೊಡ್ಡ ವಿವೇಕವಿದೆ. ಮನೆಯೊಳಗಿನ ಮಾತು ಆ ಹುಡುಗಿಯ ಮುಂದೆ ಹೊರಗೆ ಬರುತ್ತದೆ.

ಹಾಗಾದರೆ ಆಶಾ ಕಾರ್ಯಕರ್ತೆಯ ಮಾತು ಮೇಲಕ್ಕೆ ಏಕೆ ಹೋಗುವುದಿಲ್ಲ? 2005ರ ಗ್ರಾಮೀಣ ಆರೋಗ್ಯ ಅಭಿಯಾನವು ಸಾವಿರ ಜನಕ್ಕೆ ಒಬ್ಬಳಂತೆ ಅವಳನ್ನು ಸೃಷ್ಟಿಸಿತು. ಕಾಗದದ ಮೇಲೆ ಅವಳು ಸ್ವಯಂಸೇವಕಿ. ಆದುದರಿಂದ ಸಂಬಳವಿಲ್ಲ, ಗೌರವಧನವುಂಟು. ಮಾಡಿದ ಕೆಲಸಕ್ಕೆ ಇಷ್ಟಿಷ್ಟೆಂದು ಪ್ರೋತ್ಸಾಹಧನವುಂಟು. ಕೋವಿಡಿನ ಕಾಲದಲ್ಲಿ ಮನೆಮನೆಯ ಬಾಗಿಲು ತಟ್ಟಿದವಳು ಅವಳು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶದ ಆಶಾ ಕಾರ್ಯಕರ್ತೆಯರನ್ನೆಲ್ಲ ಒಟ್ಟಾಗಿ ಪುರಸ್ಕರಿಸಿತು. ಅದೇ ಹೆಂಗಸರು ಬಾಕಿ ಹಣಕ್ಕಾಗಿ ಬೆಂಗಳೂರಿನಲ್ಲಿ ಧರಣಿ ಕೂರಬೇಕಾಗುತ್ತದೆ. ತಿಂಗಳ ಸಭೆಯಲ್ಲಿ ಅವಳನ್ನು ಕೇಳುವ ಪ್ರಶ್ನೆಗಳು ಯಾವುವು? ಎಷ್ಟು ಬಸುರಿಯರು, ಎಷ್ಟು ಹೆರಿಗೆ, ಎಷ್ಟು ಚುಚ್ಚುಮದ್ದು, ಎಷ್ಟು ಕಫದ ಮಾದರಿ. ಎಲ್ಲವೂ ಎಷ್ಟು ಎಂಬವು. ಏಕೆ ಎಂಬುದೊಂದೂ ಇಲ್ಲ. ಅವಳು ಹೆಂಗಸು, ಹೆಚ್ಚು ಓದಿದವಳಲ್ಲ, ಅನೇಕವೇಳೆ ಊರಿನ ಕೆಳಗಿನ ಕೇರಿಯವಳು. ವೈದ್ಯನು ಕುಳಿತಿರುವಾಗ ಗೋಡೆಗೆ ಆತುಕೊಂಡು ನಿಂತಿರತಕ್ಕವಳು. ರೋಗಿಯಾಗಿ ಬರುವವಳೂ ಬಹುಪಾಲು ಅದೇ ಕೇರಿಯವಳು, ಅದೇ ಗೋಡೆಗೆ ಆತುಕೊಳ್ಳತಕ್ಕವಳು. ಕಾರ್ಯಕರ್ತೆಯನ್ನು ಕಿವಿಗೆ ಹಾಕಿಕೊಳ್ಳದ ವ್ಯವಸ್ಥೆ ಆ ರೋಗಿಯನ್ನು ಕಿವಿಗೆ ಹಾಕಿಕೊಳ್ಳುತ್ತದೆಂದು ನಂಬುವುದು ಹೇಗೆ? ಸಿಬ್ಬಂದಿಗೆ ಸೌಜನ್ಯದ ತರಬೇತಿ ಕೊಟ್ಟು, ಗೋಡೆಯ ಮೇಲೆ ರೋಗಿಯೇ ದೇವರೆಂದು ಬರೆಯಿಸಿದರೆ ಈ ಕೊರತೆ ತುಂಬುವುದಿಲ್ಲ.

ಬ್ರೆಜಿಲ್ ದೇಶದವರು ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಲು ಯತ್ನಿಸಿದ್ದಾರೆ. ಆರೋಗ್ಯವು ಎಲ್ಲರ ಹಕ್ಕೆಂದು 1988ರ ತಮ್ಮ ಸಂವಿಧಾನದಲ್ಲಿ ಬರೆದುಕೊಂಡ ಆ ಜನ, 1994ರಲ್ಲಿ ಕುಟುಂಬ ಆರೋಗ್ಯದ ಕಾರ್ಯಕ್ರಮವನ್ನು ತೊಡಗಿದರು. ಒಬ್ಬ ವೈದ್ಯ, ಒಬ್ಬ ದಾದಿ, ಶುಶ್ರೂಷಾ ಸಹಾಯಕರು, ನಾಲ್ಕರಿಂದ ಆರು ಮಂದಿ ಸಮುದಾಯ ಕಾರ್ಯಕರ್ತರು, ಇವರದೊಂದು ತಂಡ. ಮೂರು ನಾಲ್ಕು ಸಾವಿರ ಜನರಿರುವ ಗೊತ್ತಾದ ಒಂದು ಪ್ರದೇಶ ಆ ತಂಡದ ಪಾಲು. ಕಾರ್ಯಕರ್ತರು ಅದೇ ಪ್ರದೇಶದ ನಿವಾಸಿಗಳಾಗಿರಬೇಕು; ಒಬ್ಬೊಬ್ಬರಿಗೆ ಸುಮಾರು 150 ಮನೆಗಳು; ರೋಗವಿರಲಿ ಬಿಡಲಿ, ತಿಂಗಳಿಗೊಮ್ಮೆ ಪ್ರತಿಯೊಂದು ಮನೆಗೂ ಭೇಟಿ. ಇವು ನಮ್ಮ ಆಶಾ ಪದ್ಧತಿಯನ್ನು ಹೋಲುವ ಅಂಶಗಳು. ಹೋಲದಿರುವುದೆಂದರೆ, ಅವರು ಸಂಬಳದ ನೌಕರರು, ತಂಡದ ಪೂರ್ಣ ಸದಸ್ಯರು. ನಮ್ಮಲ್ಲಿ ಬಯಲುಸೀಮೆಗೆ 30,000, ಗುಡ್ಡಗಾಡಿಗೆ 20,000 ಜನಸಂಖ್ಯೆಗೆ ಒಂದು ಆರೋಗ್ಯಕೇಂದ್ರವೆಂಬುದು ನಿಯಮ. ಅಷ್ಟು ಜನರನ್ನು ಒಬ್ಬ ವೈದ್ಯನು ಬಲ್ಲನೆಂಬುದು ಬರಿಯ ಮಾತು. ಅವನು ಬಲ್ಲುದು ಸಾಲನ್ನು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ತೂಕವುಳ್ಳದ್ದು. ಹತ್ತು ಜನ ಸೇರಿದರೆ ಹೊಣೆ ಹತ್ತು ಕಡೆ ಹಂಚಿಹೋಗುತ್ತದೆ. ರಕ್ತ ತೆಗೆಯುವವನು ಒಬ್ಬ, ಫಲಿತಾಂಶ ಬರೆಯುವವನು ಒಬ್ಬ, ಮಾತ್ರೆ ಕೊಡುವವನು ಒಬ್ಬ, ರೋಗಿಯ ಮುಖವನ್ನು ನೋಡಿದವನು ಯಾರೂ ಇಲ್ಲ. ಹಿಂದೆ ಊರಿಗೊಬ್ಬ ಡಾಕ್ಟರಿರುತ್ತಿದ್ದ. ಅಜ್ಜನ ಉಬ್ಬಸವೂ ಮೊಮ್ಮಗನ ಕಜ್ಜಿಯೂ ಆತನಿಗೆ ತಿಳಿದಿರುತ್ತಿತ್ತು. ಅದಲ್ಲವೆ ರೋಗಿಯನ್ನು ನಡುವೆ ಇರಿಸಿದ ಸೇವೆ ಎಂದು ಹಿರಿಯರು ಕೇಳುತ್ತಾರೆ. ಹೌದು, ಅದೇ. ಒಬ್ಬನೇ ವೈದ್ಯನನ್ನು ಬಹುಕಾಲ ಕಾಣುವ ರೋಗಿಗಳಲ್ಲಿ ಮರಣ ಕಡಿಮೆಯೆಂಬುದಕ್ಕೆ ಈಗ ಲೆಕ್ಕದ ಆಧಾರವೂ ದೊರೆತಿದೆ. ಒಂಬತ್ತು ದೇಶಗಳ 22 ಅಧ್ಯಯನಗಳನ್ನು 2018ರಲ್ಲಿ ಇಂಗ್ಲೆಂಡಿನ ವೈದ್ಯರು ಒಟ್ಟಿಗೆ ಇಟ್ಟು ನೋಡಿದಾಗ 18ರಲ್ಲಿ ಹಾಗೆ ಕಂಡಿತು. ಆದುದರಿಂದ ತಂಡವೆಂದರೆ ಪರಿಚಯವನ್ನು ಕಳೆದುಕೊಳ್ಳುವುದೆಂದಾದರೆ ಆ ತಂಡ ನಮಗೆ ಬೇಡ. ಆದರೆ ವೇಲ್ಸಿನ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಯಲ್ಲಿ 1961ರಿಂದ ಕಾಲು ಶತಮಾನ ಕಾಲ ವೈದ್ಯನಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟನ ಕೆಲಸವನ್ನು ನೋಡಿದರೆ ಈ ಎರಡಕ್ಕೂ ವಿರೋಧವಿಲ್ಲವೆಂದು ತಿಳಿಯುತ್ತದೆ. ವೈದ್ಯಸೇವೆಯು ಅದರ ಅಗತ್ಯ ಹೆಚ್ಚಾಗಿರುವ ಕಡೆ ಕಡಿಮೆಯಾಗಿಯೂ, ಕಡಿಮೆಯಾಗಿರುವ ಕಡೆ ಹೆಚ್ಚಾಗಿಯೂ ದೊರೆಯುತ್ತದೆಂಬ ವಿಲೋಮ ನಿಯಮವನ್ನು 1971ರಲ್ಲಿ ಪ್ರತಿಪಾದಿಸಿದವನು ಈತನೇ. ಸುಮಾರು ಎರಡು ಸಾವಿರ ಜನರ ಆ ಊರಿನಲ್ಲಿ, ಕಾಯಿಲೆಯೆಂದು ಬಂದವರನ್ನಷ್ಟೇ ಅಲ್ಲದೆ, ಬಾರದ ವಯಸ್ಕರನ್ನೂ ಪಟ್ಟಿಯಲ್ಲಿ ಹೆಸರು ಹಿಡಿದು ಹುಡುಕಿಸಿ ರಕ್ತದ ಒತ್ತಡವನ್ನು ಅಳೆಯಿಸಿದನು. ದಾದಿಯರನ್ನೂ ಕಚೇರಿಯವರನ್ನೂ ಆ ಕೆಲಸದಲ್ಲಿ ಪಾಲುಗಾರರನ್ನಾಗಿ ಮಾಡಿಕೊಂಡನು. ರೋಗಿಯು ಆರೋಗ್ಯವನ್ನು ಕೊಳ್ಳುವವನಲ್ಲ, ವೈದ್ಯನೊಡನೆ ಸೇರಿ ಅದನ್ನು ಉತ್ಪಾದಿಸುವವನು ಎಂದು ಬರೆದನು. 1991ರಲ್ಲಿ ಅವನು ಲೆಕ್ಕ ಒಪ್ಪಿಸಿದಾಗ ಅಲ್ಲಿನ ಅಕಾಲಮರಣ ನೆರೆಯ ಗಣಿಹಳ್ಳಿಗಿಂತ ಕಡಿಮೆಯಾಗಿತ್ತು. ಅವನ ಸಾಧನೆಯ ಮೂಲದಲ್ಲಿದ್ದದ್ದು ಆ ಪಟ್ಟಿ. ಇಂತಿಂತಹ ಜನ ನಮ್ಮವರು. ಇವರಲ್ಲಿ ಒಬ್ಬನು ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವ ಹೊಣೆ ನಮ್ಮದು. ತಂಡದ ಪ್ರತಿಯೊಬ್ಬನಿಗೂ ಕೆಲಸ ಬೇರೆ, ಪಟ್ಟಿ ಒಂದೇ.

ಇನ್ನೊಂದು ಆಕ್ಷೇಪವನ್ನು ಎಡಪಂಥದವರೂ ಬಲಪಂಥದವರೂ ಒಂದೇ ಕಂಠದಿಂದ ಹೇಳುವುದುಂಟು: ಶ್ರೀಮಂತರಿಗೆ ತಜ್ಞವೈದ್ಯ, ಬಡವರಿಗೆ ತಂಡವೋ? ಈ ಸಂದೇಹ ನಿರಾಧಾರವಲ್ಲ. ವೈದ್ಯನಿಲ್ಲದ ಜಾಗವನ್ನು ಮುಚ್ಚುವುದಕ್ಕಾಗಿ ತಂಡದ ಹೆಸರನ್ನು ಹೇಳುವುದಾದರೆ ಅದು ವಂಚನೆಯೆ. 2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳೆಂದು ಶುಶ್ರೂಷಾ ಪದವೀಧರರನ್ನು ನೇಮಿಸುತ್ತಿದ್ದಾರೆ; ಇದರಿಂದ ಬಿ.ಪಿ., ಸಕ್ಕರೆಗಳ ಚಿಕಿತ್ಸೆ ಹಳ್ಳಿಯ ಹತ್ತಿರಕ್ಕೆ ಬಂದದ್ದು ನಿಜವಾದ ಲಾಭ. ಆದರೆ ಆ ಅಧಿಕಾರಿಯು ತೊಡಕಿನ ರೋಗಿಯನ್ನು ಕಂಡಾಗ ಯಾರನ್ನು ಕೇಳಬೇಕು, ಕಳುಹಿಸಿದ ರೋಗಿಗೆ ಅಲ್ಲಿ ಏನಾಯಿತೆಂಬ ಸುದ್ದಿ ಅವಳಿಗೆ ಹಿಂದಕ್ಕೆ ಬರುತ್ತದೆಯೆ ಎಂಬುದನ್ನು ವಿಚಾರಿಸದೆ ನೇಮಕದ ಸಂಖ್ಯೆಯನ್ನಷ್ಟೇ ಎಣಿಸಿದರೆ, ವೈದ್ಯನೊಬ್ಬನ ಒಂಟಿತನವನ್ನು ಆಕೆಗೆ ವರ್ಗಾಯಿಸಿದಂತಾಯಿತು. ಭೋರ್ ಸಮಿತಿಯ ಪಟ್ಟಿಯಲ್ಲಿ ದಾದಿಯರ ಸಂಖ್ಯೆಯೊಡನೆ ವೈದ್ಯರಿಬ್ಬರೂ ಇದ್ದರೆಂಬುದನ್ನು ಮರೆಯಕೂಡದು.

ಮತ್ತೆ ಕೆಲವರು, ಜನರಿಗೇ ಬೇಕಾದದ್ದು ಸೂಜಿಮದ್ದು ಮತ್ತು ಗ್ಲೂಕೋಸು, ರೋಗಿಯನ್ನು ನಡುವೆ ಇಡುವುದೆಂದರೆ ಕೇಳಿದ್ದನ್ನೆಲ್ಲ ಕೊಡುವುದೇ ಎಂದು ವ್ಯಂಗ್ಯವಾಡುತ್ತಾರೆ. ಕೊಡಬೇಕಾಗಿಲ್ಲ. ಕೂಲಿಗೆ ಹೋಗತಕ್ಕವಳು ಇಂಜೆಕ್ಷನ್ ಬೇಡುವುದು, ನಾಳೆಯ ದಿನದ ಕೂಲಿ ತಪ್ಪಬಾರದೆಂಬ ಚಿಂತೆಯಿಂದ. ಆ ಚಿಂತೆಯನ್ನು ಕೇಳಿ ತಿಳಿದು ಅದಕ್ಕೆ ತಕ್ಕ ಮಾರ್ಗವನ್ನು ಹೇಳುವುದು ಬೇರೆ, ಸೂಜಿ ಚುಚ್ಚಿ ಸಾಗಹಾಕುವುದು ಬೇರೆ, ಗದರಿಸಿ ಕಳುಹಿಸುವುದು ಇನ್ನೂ ಬೇರೆ.

ರೋಗಿಯು ತನ್ನ ಚಿಕಿತ್ಸೆಯಲ್ಲಿ ಮಾತ್ರವಲ್ಲದೆ ಕೇಂದ್ರದ ಆಡಳಿತದಲ್ಲಿಯೂ ಪಾಲುಗಾರನಾಗಬಹುದೆಂಬುದಕ್ಕೆ ಅಲಾಸ್ಕಾದ ಆದಿವಾಸಿಗಳ ನೂಕಾ ಪದ್ಧತಿಯನ್ನು ಉದಾಹರಿಸುತ್ತಾರೆ. ಅಲ್ಲಿ ಸರಕಾರವು ನಡೆಸುತ್ತಿದ್ದ ಸೇವೆಯನ್ನು ಆ ಜನರೇ ತಮ್ಮ ಸಂಸ್ಥೆಯ ಕೈಗೆ ತೆಗೆದುಕೊಂಡರು. ರೋಗಿಗಳನ್ನು ಗಿರಾಕಿಗಳೂ ಒಡೆಯರೂ ಎಂದು ಕರೆದರು. ವೈದ್ಯ, ದಾದಿ, ಸಹಾಯಕ ಎಲ್ಲರೂ ಗೋಡೆಗಳಿಲ್ಲದ ಒಂದೇ ಅಂಗಳದಲ್ಲಿ ಕುಳಿತು ಕೆಲಸಮಾಡುವಂತೆ ಕಟ್ಟಡವನ್ನು ಹವಣಿಸಿದರು. ಅವರ ಹಣಬಲ ನಮಗಿಲ್ಲ, ಹಾಗೆಂದು ಸಮಿತಿಗಳಿಗೆ ನಮ್ಮಲ್ಲಿ ಕೊರತೆಯೂ ಇಲ್ಲ. ಆರೋಗ್ಯ ರಕ್ಷಾ ಸಮಿತಿ ಇದೆ, ಗ್ರಾಮ ಆರೋಗ್ಯ ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ. ಬಹುಪಾಲು ಇವು ಸುಣ್ಣಬಣ್ಣ, ನೀರಿನ ತೊಟ್ಟಿ, ಬಿಲ್ಲುಗಳ ಮಂಜೂರಾತಿಯಲ್ಲಿ ದಿನಗಳೆಯುತ್ತವೆ. ಹತ್ತು ವರ್ಷದಿಂದ ಸಕ್ಕರೆಕಾಯಿಲೆಯನ್ನು ಅನುಭವಿಸುತ್ತಿರುವ ಒಬ್ಬ ರೈತನನ್ನೋ ಒಬ್ಬ ಮುದುಕಿಯನ್ನೋ ಸಮಿತಿಯಲ್ಲಿ ಕೂರಿಸಿ, ಔಷಧ ಕೊಡುವ ವೇಳೆ ಬಸ್ಸಿನ ವೇಳೆಗೆ ಹೊಂದುತ್ತದೆಯೆ ಎಂದು ಕೇಳಿದರೆ, ಖರ್ಚಿಲ್ಲದೆ ಒಂದು ಸುಧಾರಣೆ ಆದೀತು.

ತಂಡವನ್ನು ತಂಡವನ್ನಾಗಿ ಮಾಡುವ ಉಪಾಯಗಳೂ ದುಬಾರಿಯವಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ, ಹೊರರೋಗಿಗಳ ಸಾಲು ಕರಗಿದ ಮೇಲೆ, ವೈದ್ಯ, ಶುಶ್ರೂಷಾಧಿಕಾರಿ, ಔಷಧವಿತರಕ, ಲ್ಯಾಬಿನವನು, ಒಂದೆರಡು ಊರುಗಳ ಆಶಾ ಕಾರ್ಯಕರ್ತೆಯರು ಒಂದೇ ಎತ್ತರದ ಕುರ್ಚಿಗಳಲ್ಲಿ ಕುಳಿತು, ಐದಾರು ಜನ ರೋಗಿಗಳ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಮಾತನಾಡುವುದು. ಮೊದಲು ಆಶಾ ಕಾರ್ಯಕರ್ತೆ ಮಾತನಾಡುವುದು, ವೈದ್ಯನು ಕಡೆಯಲ್ಲಿ. ಈ ಕ್ರಮವನ್ನು ತಿರುಗಿಸಿದರೆ ಸಭೆ ವ್ಯರ್ಥ; ದೊಡ್ಡವರು ಮೊದಲು ಅಭಿಪ್ರಾಯವನ್ನು ನುಡಿದುಬಿಟ್ಟ ಮೇಲೆ ಚಿಕ್ಕವರು ಬಾಯಿ ತೆರೆಯುವ ರೂಢಿ ನಮ್ಮ ಮನೆಗಳಲ್ಲಿಯೇ ಇಲ್ಲ. ಅವಳಿಗೆ ಸಂಬಳ ಕೊಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇವೆಲ್ಲಕ್ಕಿಂತ ಕಷ್ಟವಾದದ್ದು ವೈದ್ಯನ ಮನಸ್ಸನ್ನು ಹದಮಾಡುವುದು. ಐದಾರು ವರ್ಷ ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ಪ್ರಾಧ್ಯಾಪಕನ ಹಿಂದೆ ಸಾಲಾಗಿ ನಡೆದು, ಮೇಲಿನವರ ಮುಂದೆ ಮೌನವನ್ನೂ ಕೆಳಗಿನವರ ಮುಂದೆ ಗದರಿಕೆಯನ್ನೂ ಕಲಿತು ಹೊರಬಂದ ತರುಣನನ್ನು ಒಂದು ಸುತ್ತೋಲೆಯಿಂದ ತಂಡದವನನ್ನಾಗಿ ಮಾಡಲಾಗದು. ಈಗ ರಾಷ್ಟ್ರೀಯ ವೈದ್ಯಕೀಯ ಆಯೋಗವು, ವಿದ್ಯಾರ್ಥಿಗಳು ಮೊದಲನೆಯ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷವರ್ಷವೂ ಅವುಗಳ ಆರೋಗ್ಯವನ್ನು ನೋಡಿಕೊಳ್ಳಬೇಕೆಂದು ವಿಧಿಸಿದೆ. ವಿಧಿ ಚೆನ್ನಾಗಿದೆ; ಆದರೆ ಕಾಲೇಜಿನ ಬಸ್ಸು ಹಳ್ಳಿಗೆ ಹೋಗಿ, ಛಾಯಾಚಿತ್ರ ತೆಗೆಸಿ, ಊಟದ ವೇಳೆಗೆ ಹಿಂದಿರುಗುವ ವಿಹಾರವಾಗಿ ಅದು ಮುಗಿಯದಿರಬೇಕಾದರೆ, ಆ ಕೆಲಸಕ್ಕೆ ಕೊಡುವ ಅಂಕಗಳಲ್ಲಿ ಕಾಲುಭಾಗವನ್ನಾದರೂ ಆ ಊರಿನ ಆಶಾ ಕಾರ್ಯಕರ್ತೆ ಕೊಡಲಿ. ಹತ್ತನೆಯ ತರಗತಿ ಓದಿದವಳು ಭಾವೀ ವೈದ್ಯರನ್ನು ಪರೀಕ್ಷಿಸುವುದೆಂದರೇನು ಎಂದು ಕಾಲೇಜುಗಳು ಕೇಳದೆ ಬಿಡವು. ಅವಳು ಪರೀಕ್ಷಿಸಬೇಕಾದದ್ದು ಶರೀರಶಾಸ್ತ್ರವನ್ನಲ್ಲ. ಆ ಹುಡುಗ ಆ ಮನೆಯಲ್ಲಿ ಚಾಪೆಯ ಮೇಲೆ ಕುಳಿತನೆ, ಮುದುಕಿಗೆ ಅರ್ಥವಾಗುವ ಕನ್ನಡದಲ್ಲಿ ಕೇಳಿದನೆ, ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಬರೆದುಕೊಂಡನೆ ಎಂಬಷ್ಟನ್ನೆ. ಮೊದಲು ಒಂದು ಕಾಲೇಜು, ಒಂದು ತಾಲ್ಲೂಕಿನಲ್ಲಿ, ಇದನ್ನು ಮಾಡಿ ನೋಡಲಿ.